ಸಣ್ಣ ಟ್ರಾಕ್ಟರಿನ ಬೆನ್ನಿಗೊಂದು ಕಾಂಕ್ರೀಟ್ ಡ್ರಮ್ಮು

ಅಡಿಕೆ, ತೆಂಗಿನ ಸಾಲುಗಳ ನಡುವೆ ನುಸುಳಬಲ್ಲ 18ರಿಂದ 28 ಎಚ್‌ಪಿಯ ಸಣ್ಣ ಟ್ರಾಕ್ಟರು ಈಗ ಕರಾವಳಿ, ಮಲೆನಾಡಿನಲ್ಲಿ ಹೊಸತೇನಲ್ಲ. ಕೆಲವರು ಅದರ ಮೂತಿಗೆ ಲೋಡರ್ ಕೂಡಾ ಕೂರಿಸಿಕೊಂಡಿದ್ದಾರೆ. ಹಟ್ಟಿಗೊಬ್ಬರ ತುಂಬಲು, ಬರೆ ಜರಿದ ಮಣ್ಣು ಬಾಚಲು, ಅಂಗಳಕ್ಕೆ ಬಂದ ಜಲ್ಲಿ ಸಾಗಿಸಲು ಇದು ಒಳ್ಳೆಯ ಸಾಧನ. ನಾಲ್ಕಾಳು ಒಂದು ದಿನವಿಡೀ ಹೊರುವ ಗೊಬ್ಬರವನ್ನು ಒಬ್ಬನೇ ಮಧ್ಯಾಹ್ನದೊಳಗೆ ಸಾಗಿಸಿ ಮುಗಿಸಬಹುದು.

ಆದರೆ ಲೋಡರ್ ಇಟ್ಟವರಿಗೆಲ್ಲ ಗೊತ್ತಿರುವ ಒಂದು ತೊಂದರೆ ಇದೆ. ಬಕೆಟ್ ತುಂಬಿ ಎತ್ತಿದೊಡನೆ ಟ್ರಾಕ್ಟರಿನ ಹಿಂಭಾಗ ಹಗುರಾಗುತ್ತದೆ. ಸ್ಟಿಯರಿಂಗ್ ಕಲ್ಲಿನಂತೆ ಬಿಗಿ. ಮುಂದಿನ ಟಯರು ಚಪ್ಪಟೆಯಾಗಿ ಮಣ್ಣಿಗೆ ಹೂತುಕೊಳ್ಳುತ್ತದೆ. ಹಿಂದಿನ ಚಕ್ರ ಮಾತ್ರ ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತದೆ. ಸಮತಟ್ಟು ಜಾಗದಲ್ಲಾದರೆ ಇದು ಬರೀ ಕಿರಿಕಿರಿ. ಇಳಿಜಾರಿನಲ್ಲಿ ಹಾಗಲ್ಲ. ಹೆಚ್ಚಿನ ಟ್ರಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಆ ಚಕ್ರ ನೆಲವನ್ನು ಗಟ್ಟಿಯಾಗಿ ಒತ್ತದಿದ್ದರೆ ಬ್ರೇಕ್ ತುಳಿದೂ ಪ್ರಯೋಜನವಿಲ್ಲ. ಚಕ್ರ ನಿಂತರೂ ಟ್ರಾಕ್ಟರು ಜಾರುತ್ತಲೇ ಇರುತ್ತದೆ. ಗುಡ್ಡದಿಂದ ತೋಟಕ್ಕೆ ಇಳಿಯುವ ನಮ್ಮ ದಾರಿಗಳನ್ನು ನೆನಪಿಸಿಕೊಂಡರೆ ಇದರ ಅಪಾಯ ಎಷ್ಟೆಂದು ಬೇರೆ ಹೇಳಬೇಕಾದ್ದಿಲ್ಲ.

ಇದಕ್ಕೆ ಪರಿಹಾರ ಹಿಂದುಗಡೆ ಭಾರ ತೂಗಿಸುವುದು. ಕಂಪೆನಿಯ ಎರಕದ ತೂಕಗಳು ಸಿಗುತ್ತವೆ, ಆದರೆ ದುಬಾರಿ. ಒಂದು ಹಳೇ ಡ್ರಮ್ಮು, ಮುಕ್ಕಾಲು ಚೀಲ ಸಿಮೆಂಟು, ವೆಲ್ಡಿಂಗ್ ಶಾಪಿನವರ ಅರ್ಧ ದಿನದ ಕೆಲಸ ಇಷ್ಟಿದ್ದರೆ ಸುಮಾರು 300 ಕಿಲೋದ ಭಾರವನ್ನು ನಾವೇ ತಯಾರಿಸಿಕೊಳ್ಳಬಹುದು.

ಏತದ ಕಲ್ಲಿನ ಲೆಕ್ಕ

ಪಂಪು ಬರುವ ಮೊದಲು ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ಹಿರಿಯರು ನೋಡಿರುತ್ತಾರೆ. ಉದ್ದ ಮರದ ಮುಂದಿನ ತುದಿಯಲ್ಲಿ ನೀರಿನ ಪಾತ್ರೆ, ಹಿಂದಿನ ತುದಿಗೆ ಕಟ್ಟಿದ ಕಲ್ಲು. ಕಲ್ಲು ನಡುಗಂಬದಿಂದ ದೂರ ಹೋದಷ್ಟೂ ಅದರ ಎಳೆತ ಹೆಚ್ಚು. ಲೋಡರ್ ಇರುವ ಟ್ರಾಕ್ಟರೂ ಒಂದು ಏತವೇ. ಅದರ ನಡುಗಂಬ ಮುಂದಿನ ಆಕ್ಸಲ್. ಬಕೆಟ್ಟಿನ ಭಾರ ಮುಂದಿನ ಆಕ್ಸಲಿಗಿಂತಲೂ ಮುಂದೆ ಇರುವುದರಿಂದ ಅದು ಹಿಂದಿನ ಚಕ್ರವನ್ನು ಎತ್ತಲು ನೋಡುತ್ತದೆ.

ಒಂದು ಉದಾಹರಣೆ. ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವೆ 150 ಸೆಂ.ಮೀ. ಅಂತರವಿದೆ ಎನ್ನಿ. ಬಕೆಟ್ಟಿನಲ್ಲಿ 250 ಕಿಲೋ ಗೊಬ್ಬರ. ಬಕೆಟ್ಟಿನ ನಡು ಮುಂದಿನ ಆಕ್ಸಲಿನಿಂದ 120 ಸೆಂ.ಮೀ. ಮುಂದಕ್ಕೆ. 250ನ್ನು 120ರಿಂದ ಗುಣಿಸಿ 150ರಿಂದ ಭಾಗಿಸಿದರೆ 200. ಅಂದರೆ ಹಿಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 200 ಕಿಲೋ ಹೊರಟುಹೋಯಿತು. ಅದು ಹೋದದ್ದು ಎಲ್ಲಿಗೆ? ಮುಂದಿನ ಆಕ್ಸಲಿಗೆ. ಹಾಗಾಗಿ ಮುಂದಿನ ಆಕ್ಸಲ್ ಹೊರುವುದು ಬಕೆಟ್ಟಿನ 250 ಮಾತ್ರವಲ್ಲ, ಅದಕ್ಕೆ ಈ 200 ಸೇರಿ ಒಟ್ಟು 450 ಕಿಲೋ. ಮುಂದಿನ ಬೇರಿಂಗು, ಸೀಲು, ಕಿಂಗ್ ಪಿನ್ನುಗಳು ಬೇಗ ಹಾಳಾಗುವುದಕ್ಕೆ ಕಾರಣ ಇದೇ.

ಈಗ ಹಿಂದುಗಡೆ ಲಿಫ್ಟಿನ ಕೈಗಳಿಗೆ 300 ಕಿಲೋದ ಡ್ರಮ್ಮು ತೂಗಿಸೋಣ. ಅದರ ನಡು ಹಿಂದಿನ ಆಕ್ಸಲಿನಿಂದ 70 ಸೆಂ.ಮೀ. ಹಿಂದೆ ಇರಲಿ. ಮುಂದಿನ ಆಕ್ಸಲಿನಿಂದ ಅಳೆದರೆ 220 ಸೆಂ.ಮೀ. 300ನ್ನು 220ರಿಂದ ಗುಣಿಸಿ 150ರಿಂದ ಭಾಗಿಸಿದರೆ 440. ನಾವು ತೂಗಿಸಿದ್ದು 300, ಹಿಂದಿನ ಚಕ್ರಕ್ಕೆ ಸಿಕ್ಕಿದ್ದು 440! ಹೆಚ್ಚಾದ 140 ಕಿಲೋ ಮುಂದಿನ ಆಕ್ಸಲಿನಿಂದ ಇಳಿದು ಬಂದದ್ದು. ಹಿಂದಿನ ಚಕ್ರ ಕಳಕೊಂಡ 200 ಕಿಲೋ ಮರಳಿ ಸಿಕ್ಕಿ, ಮೇಲಿಂದ 240 ಲಾಭ. ಮುಂದಿನ ಆಕ್ಸಲಿನ ಹೆಚ್ಚುವರಿ ಹೊರೆ 450ರಿಂದ 310ಕ್ಕೆ ಇಳಿಯಿತು.

ಟಯರಿಗೆ ನೀರು ತುಂಬಿದರೆ ಸಾಲದೇ?

ಹಲವರು ಕೇಳುವ ಪ್ರಶ್ನೆ ಇದು. ಹಿಂದಿನ ಟಯರಿಗೆ ನೀರು ತುಂಬುವುದು, ಚಕ್ರಕ್ಕೆ ಎರಕದ ಬಿಲ್ಲೆ ಬೋಲ್ಟು ಮಾಡುವುದು ಎರಡೂ ಉತ್ತಮ ಕ್ರಮವೇ. ಹಿಡಿತ ಹೆಚ್ಚುತ್ತದೆ, ಭಾರ ತಗ್ಗಿನಲ್ಲಿ ಇರುವ ಕಾರಣ ಟ್ರಾಕ್ಟರು ಅಡ್ಡ ಮಗುಚುವ ಭಯವೂ ಕಡಿಮೆ. ಆದರೆ ಆ ಭಾರ ಕೂರುವುದು ಹಿಂದಿನ ಆಕ್ಸಲಿನ ನೇರಕ್ಕೆ. 300 ಕಿಲೋ ಹಾಕಿದರೆ ಹಿಂದಿನ ಚಕ್ರಕ್ಕೆ ಸಿಗುವುದು ಅದೇ 300. ಮುಂದಿನ ಆಕ್ಸಲಿನ 450 ಕಿಲೋ ಹೊರೆಯಲ್ಲಿ ಒಂದು ಕಿಲೋ ಕೂಡಾ ಇಳಿಯುವುದಿಲ್ಲ. ಸಣ್ಣ ಟ್ರಾಕ್ಟರಿನ ಸಣ್ಣ ಟಯರಿನಲ್ಲಿ ಅಷ್ಟು ನೀರು ಹಿಡಿಸುವುದೂ ಇಲ್ಲ. ಮುಂದಿನ ಆಕ್ಸಲಿಗೆ ಉಸಿರಾಡಲು ಬಿಡಬೇಕಾದರೆ ಭಾರ ಹಿಂದಿನ ಆಕ್ಸಲನ್ನು ದಾಟಿ ಆಚೆಗೇ ತೂಗಬೇಕು.

ಕೆಲವರು ರೊಟವೇಟರನ್ನೋ ಕಲ್ಟಿವೇಟರನ್ನೋ ಹಿಂದೆ ತೂಗಿಸಿಕೊಂಡು ಲೋಡರ್ ಓಡಿಸುತ್ತಾರೆ. ಅದೂ ಆಗುತ್ತದೆ. ಆದರೆ ಅಡಿಕೆ ಮರಗಳ ನಡುವೆ ತಿರುಗಿಸುವಾಗ ಅದರ ಉದ್ದಗಲ ಅಡ್ಡಿ. ಮೂಲೆ ತಾಗಿ ಮರದ ತೊಗಟೆ ಕೆತ್ತಿಹೋದರೆ ನಷ್ಟ ನಮಗೇ. ಡ್ರಮ್ಮು ಗಿಡ್ಡ, ಉರುಟು, ಮೂಲೆಯಿಲ್ಲ. ಹಿಂದಿನ ಚಕ್ರಗಳ ಅಗಲದೊಳಗೇ ಇರುತ್ತದೆ.

ಎಷ್ಟು ತೂಕ ಬೇಕು?

ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಮೊದಲು ಕನಿಷ್ಠ ಎಷ್ಟೆಂದು ನೋಡೋಣ. ಮೇಲಿನ ಉದಾಹರಣೆಯಲ್ಲಿ 250 ಕಿಲೋ ಗೊಬ್ಬರವನ್ನು ಸರಿತೂಗಿಸಲು 250 × 120 ÷ 220, ಅಂದರೆ ಸುಮಾರು 136 ಕಿಲೋ ಬೇಕು. ಲೋಡರಿನದ್ದೇ ತೂಕ 200 ಕಿಲೋ, ಅದರ ನಡು ಮುಂದಿನ ಆಕ್ಸಲಿನಿಂದ 60 ಸೆಂ.ಮೀ. ಮುಂದೆ ಇದ್ದರೆ ಅದಕ್ಕೆ 55 ಕಿಲೋ. ಒಟ್ಟು 190ರ ಹತ್ತಿರ. ಇದು ನಿಂತ ಟ್ರಾಕ್ಟರಿನ ಲೆಕ್ಕ. ಹೊಂಡಕ್ಕೆ ಇಳಿದಾಗ, ಗಕ್ಕನೆ ಬ್ರೇಕ್ ಹಾಕಿದಾಗ ಮುಂದಿನ ಭಾರ ಆ ಕ್ಷಣಕ್ಕೆ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಅದಕ್ಕೇ 300 ಕಿಲೋ ಇಟ್ಟುಕೊಂಡದ್ದು.

ಗರಿಷ್ಠ ಎಷ್ಟೆಂಬುದನ್ನು ನಿರ್ಧರಿಸುವುದು ಎರಡು ಸಂಗತಿ. ಒಂದು, ಲಿಫ್ಟಿನ ಶಕ್ತಿ. ಈ ಗಾತ್ರದ ಟ್ರಾಕ್ಟರುಗಳಲ್ಲಿ ಅದು ಸಾಮಾನ್ಯವಾಗಿ 500ರಿಂದ 750 ಕಿಲೋ. ಅದರ ಅರ್ಧದ ಆಸುಪಾಸಿನಲ್ಲಿ ನಿಲ್ಲಿಸಿಕೊಳ್ಳುವುದು ಕ್ಷೇಮ, ಯಾಕೆಂದರೆ ಕುಲುಕಾಟದ ಪೆಟ್ಟನ್ನೂ ಅದೇ ತಡೆಯಬೇಕು. ಎರಡು, ಮುಂದಿನ ಚಕ್ರದ ಮೇಲೆ ಉಳಿಯುವ ಭಾರ. ಟ್ರಾಕ್ಟರಿನ ಒಟ್ಟು ತೂಕದ ಶೇಕಡಾ 20ರಷ್ಟಾದರೂ ಮುಂದಿನ ಚಕ್ರದಲ್ಲಿ ಇಲ್ಲದಿದ್ದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ನಿಮ್ಮ ಟ್ರಾಕ್ಟರಿನ ಆಕ್ಸಲ್ ಅಂತರ, ಲಿಫ್ಟಿನ ಶಕ್ತಿ ಪುಸ್ತಕದಲ್ಲಿ ಇರುತ್ತದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರಾಕ್ಟರುಗಳನ್ನು ಪರೀಕ್ಷಿಸಿ ಕೊಡುವ ವರದಿಯಲ್ಲಿ ಮುಂದಿನ, ಹಿಂದಿನ ಆಕ್ಸಲುಗಳ ತೂಕವೂ ಇರುತ್ತದೆ. ಅದೆಲ್ಲ ಬೇಡವೆಂದರೆ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ಯಿರಿ. ಮುಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲಿರುವಂತೆ ನಿಲ್ಲಿಸಿ ಒಂದು ತೂಕ, ಪೂರ್ತಿ ಹತ್ತಿಸಿ ಇನ್ನೊಂದು ತೂಕ. ಸಮತಟ್ಟಾಗಿ ನಿಂತಿದ್ದರೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಇಲ್ಲ.

ಡ್ರಮ್ಮು ಆರಿಸುವಾಗ

200 ಲೀಟರಿನ ಸಾಮಾನ್ಯ ಡ್ರಮ್ಮಿನ ಒಳಗಿನ ಅಗಲ ಸುಮಾರು 57 ಸೆಂ.ಮೀ. ಕಾಂಕ್ರೀಟು ಲೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. ಹಾಗಾಗಿ ಈ ಡ್ರಮ್ಮಿನಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೆ 6 ಕಿಲೋಗೆ ತುಸು ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು. 45 ಸೆಂ.ಮೀ. ಎತ್ತರಕ್ಕೆ ತುಂಬಿದರೆ ಸುಮಾರು 275 ಕಿಲೋ. ಡ್ರಮ್ಮು, ಕಬ್ಬಿಣ ಎಲ್ಲ ಸೇರಿ 300ರ ಹತ್ತಿರ. ಪೂರ್ತಿ ತುಂಬಿದರೆ 500 ಕಿಲೋ ಆಗುತ್ತದೆ, ಸಣ್ಣ ಟ್ರಾಕ್ಟರಿಗೆ ಅದು ಖಂಡಿತಾ ಬೇಡ.

ಆದ್ದರಿಂದ ಡ್ರಮ್ಮನ್ನು ತಳದಿಂದ 45 ಸೆಂ.ಮೀ. ಬಿಟ್ಟು ತುಂಡು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆ. ಪೆಟ್ರೋಲ್, ಡೀಸೆಲ್, ಥಿನ್ನರ್ ಇದ್ದ ಡ್ರಮ್ಮು ಖಾಲಿಯಾಗಿ ವರ್ಷವಾಗಿದ್ದರೂ ಒಳಗೆ ಆವಿ ಉಳಿದಿರುತ್ತದೆ. ಅದಕ್ಕೆ ಗ್ಯಾಸ್ ಕಟ್ಟರೋ ಗ್ರೈಂಡರೋ ಹಚ್ಚಿದರೆ ಬಾಂಬಿನಂತೆ ಸಿಡಿಯಬಹುದು. ಅಂಥದ್ದನ್ನು ಮುಟ್ಟಲೇಬೇಡಿ. ವಿಷದ ಔಷಧಿ ಇದ್ದ ಡ್ರಮ್ಮೂ ಬೇಡ. ಎಂಥ ಕಬ್ಬಿಣದ ಡ್ರಮ್ಮೇ ಆಗಲಿ, ಕಿಡಿ ಹಾರುವ ಸಾಧನದ ಬದಲು ಉಳಿ, ಸುತ್ತಿಗೆಯಲ್ಲಿ ಕತ್ತರಿಸಿ. ತುಸು ಹೊತ್ತು ಹಿಡಿಯುತ್ತದೆ ಅಷ್ಟೇ. ಬಾಯಂಚನ್ನು ಒಳಕ್ಕೆ ಬಡಿದು ಮಡಚಿದರೆ ಕೈ ಕೊಯ್ಯುವುದಿಲ್ಲ.

ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು ಇನ್ನೂ ಸುಲಭ. ಹ್ಯಾಕ್ಸಾ ಗರಗಸದಲ್ಲಿ ಕೊಯ್ಯಬಹುದು, ತುಕ್ಕಿನ ಚಿಂತೆಯಿಲ್ಲ. ಕಾಂಕ್ರೀಟು ತುಂಬುವಾಗ ಹೊಟ್ಟೆ ಉಬ್ಬದಂತೆ ಸುತ್ತ ಎರಡು ಸುತ್ತು ಹಗ್ಗ ಬಿಗಿದರಾಯಿತು. ಉಳಿದ ಮೇಲಿನ ಅರ್ಧ ಬೇರೆ ಉಪಯೋಗಕ್ಕೆ ಬರುತ್ತದೆ.

ಕಬ್ಬಿಣದ ಕೆಲಸ

ಸಣ್ಣ ಟ್ರಾಕ್ಟರುಗಳ ಲಿಫ್ಟು ಹೆಚ್ಚಾಗಿ 'ಕೆಟಗರಿ 1' ಅಳತೆಯದ್ದು. ಕೆಳಗಿನ ಎರಡು ಕೈಗಳಿಗೆ 22 ಮಿ.ಮೀ. ಪಿನ್ನು, ಟಾಪ್ ಲಿಂಕಿಗೆ 19 ಮಿ.ಮೀ. ಪಿನ್ನು. ಕೆಳಗಿನ ಪಿನ್ನುಗಳ ಒಳ ಅಂತರ ಸುಮಾರು 68 ಸೆಂ.ಮೀ.; ಆ ಪಿನ್ನಿನ ಮಟ್ಟದಿಂದ ಟಾಪ್ ಲಿಂಕಿನ ತೂತಿಗೆ 46 ಸೆಂ.ಮೀ. ಎತ್ತರ. ಹಾಗಿದ್ದರೂ ಪುಸ್ತಕದ ಅಳತೆ ನಂಬಿ ಕಬ್ಬಿಣ ಕತ್ತರಿಸಬೇಡಿ. ನಿಮ್ಮಲ್ಲಿರುವ ಕಲ್ಟಿವೇಟರಿಗೆ ಟೇಪು ಹಿಡಿಯಿರಿ. ಅದು ಈಗಾಗಲೇ ನಿಮ್ಮ ಟ್ರಾಕ್ಟರಿಗೆ ಸರಿಹೊಂದಿದೆ. ಅದರ ಅಳತೆಯೇ ಪ್ರಮಾಣ. ಕೆಲವು ಅತಿ ಸಣ್ಣ ಟ್ರಾಕ್ಟರುಗಳ ಕೈಗಳ ಅಂತರ ಇದಕ್ಕಿಂತ ತುಂಬಾ ಕಿರಿದು. ಅವುಗಳ ನಡುವೆ 200 ಲೀಟರಿನ ಡ್ರಮ್ಮು ಹಿಡಿಸದು, ಕಿರಿಯ ಡ್ರಮ್ಮು ಹುಡುಕಬೇಕಾಗುತ್ತದೆ.

ಮುಖ್ಯ ಭಾಗ ಡ್ರಮ್ಮಿನ ಅಡ್ಡಕ್ಕೆ ಹಾಯುವ ಒಂದು ಸರಳು. ಪಿನ್ನು 22 ಮಿ.ಮೀ. ಎಂದು ಸರಳನ್ನೂ ಅಷ್ಟೇ ದಪ್ಪದ್ದು ಹಾಕಿದರೆ ಡ್ರಮ್ಮಿನ ಹೊರಗೆ ಚಾಚಿದ ಭಾಗ ಕುಲುಕಾಟಕ್ಕೆ ಬಾಗುತ್ತದೆ. 32 ಮಿ.ಮೀ. ದಪ್ಪದ ಗಟ್ಟಿ ಸರಳು ತನ್ನಿ. ಉದ್ದ ಸುಮಾರು 82 ಸೆಂ.ಮೀ. ಎರಡೂ ತುದಿಯಲ್ಲಿ ಬೇಕಾದಷ್ಟು ಉದ್ದಕ್ಕೆ ಲೇತಿನಲ್ಲಿ 22 ಮಿ.ಮೀ.ಗೆ ಇಳಿಸಿ, ಕೊನೆಯಲ್ಲಿ ಲಿಂಚ್ ಪಿನ್ನಿಗೆ ತೂತು ಕೊರೆಸಿ. ದಪ್ಪ ಬದಲಾಗುವಲ್ಲಿ ಉಂಟಾಗುವ ಮೆಟ್ಟಿಲೇ ಕೈಗಳು ಒಳಸರಿಯದಂತೆ ತಡೆ.

ಟಾಪ್ ಲಿಂಕಿಗಾಗಿ 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎರಡು ಪಟ್ಟಿ ಬೇಕು. ಉದ್ದ ತಲಾ 65 ಸೆಂ.ಮೀ. ಇವನ್ನು ಸರಳಿನ ನಟ್ಟನಡುವೆ, ಟಾಪ್ ಲಿಂಕಿನ ತಲೆ ಸಲೀಸಾಗಿ ಹೋಗುವಷ್ಟು (ಸುಮಾರು 2 ಇಂಚು) ಅಂತರ ಬಿಟ್ಟು, ನೆಟ್ಟಗೆ ನಿಲ್ಲಿಸಿ ವೆಲ್ಡ್ ಮಾಡಿಸಿ. ಸರಳಿನಿಂದ ಮೇಲಕ್ಕೆ 50 ಸೆಂ.ಮೀ., ಕೆಳಕ್ಕೆ 15 ಸೆಂ.ಮೀ. ಬರಲಿ. ಕೆಳಕ್ಕೆ ಇಳಿದ ಭಾಗ ಕಾಂಕ್ರೀಟಿನೊಳಗೆ ಬೇರಿನಂತೆ ಹಿಡಿದುಕೊಳ್ಳುತ್ತದೆ, ಸರಳು ತಿರುಗಲು ಬಿಡುವುದಿಲ್ಲ. ಮೇಲೆ, ಸರಳಿನ ನಡುವಿನಿಂದ 46 ಸೆಂ.ಮೀ. ಎತ್ತರದಲ್ಲಿ ಎರಡೂ ಪಟ್ಟಿಗೆ ಒಂದೇ ನೇರದಲ್ಲಿ 20 ಮಿ.ಮೀ. ತೂತು.

ಸರಳು ಡ್ರಮ್ಮಿನ ತಳದಿಂದ 20 ಸೆಂ.ಮೀ. ಎತ್ತರದಲ್ಲಿ ಹಾಯಬೇಕು. ಈ ಎತ್ತರಕ್ಕೆ ಎರಡು ಕಾರಣ. ಅನೇಕ ಟ್ರಾಕ್ಟರುಗಳ ಕೈ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸರಳು ತಗ್ಗಿನಲ್ಲಿದ್ದರೆ ನೆಲದಲ್ಲಿಟ್ಟ ಡ್ರಮ್ಮನ್ನು ಸಿಕ್ಕಿಸಲು ಆಗದು. ಮತ್ತೆ, ಡ್ರಮ್ಮಿನ ಭಾರದ ನಡುವೂ ಹತ್ತಿರ ಹತ್ತಿರ ಅದೇ ಮಟ್ಟದಲ್ಲಿರುವ ಕಾರಣ ಟಾಪ್ ಲಿಂಕಿನ ಮೇಲೆ ಎಳೆತ ಬೀಳುವುದಿಲ್ಲ.

ವೆಲ್ಡ್ ಮಾಡಿದ ಚೌಕಟ್ಟನ್ನು ಡ್ರಮ್ಮಿನೊಳಗೆ ಕೂರಿಸುವುದು ಹೇಗೆಂದು ಕೆಲವರಿಗೆ ಸಂಶಯ ಬರಬಹುದು, ಸರಳು ಡ್ರಮ್ಮಿಗಿಂತ ಉದ್ದವಲ್ಲವೇ? ಎದುರುಬದುರು ಎರಡು ತೂತು ಮಾಡಿ. ಒಂದು ತುದಿಯನ್ನು ತೂತಿನಿಂದ ಹೊರಕ್ಕೆ, ಪಟ್ಟಿ ತಾಗುವ ತನಕ ದೂಡಿ. ಆಗ ಇನ್ನೊಂದು ತುದಿ ಒಳಗೆ ಬಿಡುವಾಗುತ್ತದೆ. ಅದನ್ನು ಎದುರಿನ ತೂತಿಗೆ ಹಿಡಿದು ಹಿಂದಕ್ಕೆ ಸರಿಸಿದರೆ ಎರಡೂ ಕಡೆ ಸಮನಾಗಿ ಹೊರಬರುತ್ತದೆ. ತೂತು 35 ಮಿ.ಮೀ. ಇದ್ದರೆ ಸಲೀಸು.

ಮೊದಲು ತೊಡಿಸಿ ನೋಡಿ

ಕಾಂಕ್ರೀಟು ಹಾಕುವ ಮೊದಲು ಖಾಲಿ ಡ್ರಮ್ಮನ್ನೇ ಟ್ರಾಕ್ಟರಿಗೆ ತೊಡಿಸಿ. ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನ ತನಕ ನಿಧಾನ ಎತ್ತಿ ಇಳಿಸಿ. ಈ ಹೊತ್ತಿನಲ್ಲಿ ನಾಲ್ಕು ಕಡೆ ಕಣ್ಣಿಡಿ. ಡ್ರಮ್ಮಿನ ಮುಂಭಾಗ ಪಿಟಿಓ ಶಾಫ್ಟಿಗೋ ಕೊಕ್ಕೆಗೋ ತಾಗುತ್ತದೆಯೇ? ಬದಿ ಕೈಗಳಿಗೆ, ಚೈನಿಗೆ ಉಜ್ಜುತ್ತದೆಯೇ? ಹಿಂದಿನ ಟಯರಿಗೆ ಅಂತರವಿದೆಯೇ? ಟಾಪ್ ಲಿಂಕು ಡ್ರಮ್ಮಿನ ಬಾಯಂಚಿಗೆ ತಾಗುತ್ತದೆಯೇ?

ಸರಳು ಡ್ರಮ್ಮಿನ ನಡುವೆ ಹಾಯುವುದರಿಂದ ಅದರಿಂದ ಮುಂದಕ್ಕೆ 29 ಸೆಂ.ಮೀ. ಡ್ರಮ್ಮು ಚಾಚಿರುತ್ತದೆ. ಮುಂದಕ್ಕೆ ಹೋದಂತೆ ಲಿಫ್ಟಿನ ಕೈಗಳ ಅಂತರ ಕಿರಿದಾಗುತ್ತದೆ. ಡ್ರಮ್ಮೂ ಉರುಟಾಗಿ ಕಿರಿದಾಗುವುದರಿಂದ ಹೊಂದಿಕೊಳ್ಳುತ್ತದೆ. ಚೌಕದ ಪೆಟ್ಟಿಗೆಯಾದರೆ ಇಲ್ಲೇ ಮೂಲೆ ಸಿಕ್ಕಿಕೊಳ್ಳುವುದು. ಒಂದುವೇಳೆ ಪಿಟಿಓಗೆ ತಾಗುವುದಾದರೆ ಸರಳಿನ ತೂತುಗಳನ್ನು 8–10 ಸೆಂ.ಮೀ. ಟ್ರಾಕ್ಟರಿನ ಕಡೆಗೆ ಸರಿಸಿ ಹೊಸತಾಗಿ ಮಾಡಿಕೊಳ್ಳಿ. ಆಗ ಡ್ರಮ್ಮು ಅಷ್ಟೇ ಹಿಂದಕ್ಕೆ ಹೋಗುತ್ತದೆ. ಇದೆಲ್ಲ ತಿದ್ದಲಾಗುವುದು ಈಗ ಮಾತ್ರ. ಕಾಂಕ್ರೀಟು ಗಟ್ಟಿಯಾದ ಮೇಲೆ ಆಗುವುದಿಲ್ಲ.

ಕಾಂಕ್ರೀಟು

ಹಾಕುವ ಜಾಗ ಯೋಚಿಸಿ ಆರಿಸಿ. 300 ಕಿಲೋದ ಡ್ರಮ್ಮನ್ನು ನಾಲ್ಕು ಜನ ಸೇರಿದರೂ ಎತ್ತಲಾಗದು. ಟ್ರಾಕ್ಟರು ರಿವರ್ಸ್ ಬರಲು ಅನುಕೂಲ ಇರುವ, ಮಟ್ಟಸವಾದ, ಮಳೆನೀರು ನಿಲ್ಲದ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ ಡ್ರಮ್ಮು ಇಡಿ. ಸರಳಿಗೆ ರಸಮಟ್ಟ ಇಟ್ಟು ಸಮ ಮಾಡಿ. ಪಟ್ಟಿಗಳು ನೆಟ್ಟಗಿರುವಂತೆ ಬಾಯಿಗೆ ಅಡ್ಡ ರೀಪು ಕಟ್ಟಿ ನಿಲ್ಲಿಸಿ. ತೂತಿನ ಸುತ್ತ ಉಳಿದ ಸಂದಿಗೆ ಗೋಣಿಯ ತುಂಡು ತುರುಕಿದರೆ ಸಿಮೆಂಟು ನೀರು ಸೋರುವುದಿಲ್ಲ.

ಒಳಗೆ 8 ಮಿ.ಮೀ. ಕಂಬಿಯ ಎರಡು ಬಳೆ, ಅವಕ್ಕೆ ನಿಲ್ಲಿಸಿದ ಆರು ತುಂಡು ಕಂಬಿ, ಬೈಂಡಿಂಗ್ ವಯರಿನಲ್ಲಿ ಕಟ್ಟಿ ಇಳಿಸಿ. ಡ್ರಮ್ಮಿನ ಗೋಡೆಯಿಂದ ಒಂದೂವರೆ ಇಂಚು ಒಳಗಿರಲಿ. ಮುಂದೆ ತಗಡು ತುಕ್ಕು ಹಿಡಿದು ಉದುರಿದರೂ ಕಾಂಕ್ರೀಟು ಹೋಳಾಗದೆ ಇರುವುದು ಇದರಿಂದಲೇ.

ಮಿಶ್ರಣ 1:2:4. ಒಂದು ಪಾಲು ಸಿಮೆಂಟು, ಎರಡು ಪಾಲು ಹೊಯಿಗೆ, ನಾಲ್ಕು ಪಾಲು 20 ಮಿ.ಮೀ. ಜಲ್ಲಿ. ಹೊಯಿಗೆಯ ಬದಲು ಎಂ-ಸ್ಯಾಂಡ್ ಆಗುತ್ತದೆ. ಒಂದು ಚೀಲ ಸಿಮೆಂಟಿನಿಂದ ಈ ಲೆಕ್ಕದಲ್ಲಿ ಸುಮಾರು 160 ಲೀಟರು, ಅಂದರೆ 380 ಕಿಲೋ ಕಾಂಕ್ರೀಟು ಸಿಗುತ್ತದೆ. ನಮಗೆ ಬೇಕಾದ್ದು 115 ಲೀಟರು. ಮುಕ್ಕಾಲು ಚೀಲ ಸಾಕು. ಅಳೆಯಲು 13 ಲೀಟರಿನ ಬಾಲ್ದಿ ಇದ್ದರೆ ಎರಡು ಬಾಲ್ದಿ ಸಿಮೆಂಟು, ನಾಲ್ಕು ಹೊಯಿಗೆ, ಎಂಟು ಜಲ್ಲಿ. ನೀರು 18–19 ಲೀಟರು ಮೀರದಿರಲಿ; ಹೊಯಿಗೆ ಒದ್ದೆಯಿದ್ದರೆ ಅದಕ್ಕಿಂತಲೂ ಕಡಿಮೆ. ನೀರು ಹೆಚ್ಚಾದರೆ ಕಲಸಲು ಸುಲಭ, ಆದರೆ ಗಟ್ಟಿತನ ಹೋಗುತ್ತದೆ.

ಅರ್ಧ ಅಡಿ ಹಾಕಿದಾಗಲೆಲ್ಲ ಕಂಬಿಯಿಂದ ಚೆನ್ನಾಗಿ ಕುತ್ತಿ, ಮುಖ್ಯವಾಗಿ ಸರಳಿನ ಅಡಿಭಾಗದಲ್ಲಿ. ಅಲ್ಲಿ ಪೊಳ್ಳು ಉಳಿದರೆ ಮುಂದೆ ಸರಳು ಸಡಿಲಾಗುತ್ತದೆ. ಹಸಿ ಸಿಮೆಂಟು ಚರ್ಮ ಸುಡುತ್ತದೆ. ಕೈಗವಸು ಹಾಕಿ, ಇಲ್ಲವಾದರೆ ಕರಣೆಯಲ್ಲೇ ಕೆಲಸ ಮಾಡಿ.

ಮನೆಯಲ್ಲಿ ಗುಜರಿ ಕಬ್ಬಿಣ ಬಿದ್ದಿದ್ದರೆ ಒಳಗೆ ಸೇರಿಸಬಹುದು. ಸವೆದ ಟಿಲ್ಲರ್ ಬ್ಲೇಡು, ಹಳೇ ಗೇರು ಯಾವುದೂ ಆದೀತು, ಎಣ್ಣೆ, ಗ್ರೀಸು ಒರೆಸಿರಬೇಕು. 40 ಕಿಲೋ ಕಬ್ಬಿಣ ಹಾಕಿದರೆ ಅದು ಜಾಗ ಹಿಡಿದ ಕಾಂಕ್ರೀಟನ್ನು ಕಳೆದು 28 ಕಿಲೋದಷ್ಟು ತೂಕ ಹೆಚ್ಚುತ್ತದೆ. ಕಪ್ಪುಕಲ್ಲಿನ ತುಂಡು ಹಾಕಿದರೆ ಸಿಮೆಂಟು ಉಳಿತಾಯ. ಮುರಕಲ್ಲು ಮಾತ್ರ ಬೇಡ. ಅದು ಕಾಂಕ್ರೀಟಿಗಿಂತ ಹಗುರ.

ಇನ್ನೊಂದು ಅನುಕೂಲ: ಹಸಿಯಿರುವಾಗಲೇ ಬದಿಯಲ್ಲಿ ಎರಡು ಇಂಚಿನ ಪಿವಿಸಿ ಪೈಪಿನ ಎರಡು ತುಂಡು ನೆಟ್ಟುಬಿಡಿ. ಹಾರೆ, ಗುದ್ದಲಿ ಅದರಲ್ಲಿ ನಿಲ್ಲಿಸಿ ಒಯ್ಯಬಹುದು. ತೂತು ತಳದ ತನಕ ಇರಲಿ, ತಳದ ತಗಡಿಗೂ ಅಲ್ಲಿ ತೂತು ಮಾಡಿಡಿ. ಇಲ್ಲವಾದರೆ ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಮೇಲ್ಮೈಯನ್ನು ನಡುವಿನಿಂದ ಅಂಚಿಗೆ ತುಸು ಇಳಿಜಾರು ಮಾಡಿ ಕರಣೆ ಎಳೆಯಿರಿ.

ಮರುದಿನದಿಂದ ಒದ್ದೆ ಗೋಣಿ ಹೊದೆಸಿ ಹತ್ತು ದಿನ ನೀರುಣಿಸಿ. ಮೂರು ವಾರ ಎತ್ತಬೇಡಿ. ನಾಲ್ಕು ವಾರ ಕಾದರೆ ಇನ್ನೂ ಒಳ್ಳೆಯದು. ಮಾಡಿದ ವಾರದಲ್ಲೇ ತೂಗಿಸಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಹಸಿ ಕಾಂಕ್ರೀಟಿನಲ್ಲಿ ಸರಳು ಒಮ್ಮೆ ಅಲ್ಲಾಡಿದರೆ ಮತ್ತೆ ಕೂರುವುದಿಲ್ಲ.

ಬೇಕಾಗುವ ಸಾಮಾನು

• 200 ಲೀಟರಿನ ಡ್ರಮ್ಮಿನ ಕೆಳಭಾಗ – 45 ಸೆಂ.ಮೀ. ಎತ್ತರ
• 32 ಮಿ.ಮೀ. ಸರಳು – 82 ಸೆಂ.ಮೀ. (ಸುಮಾರು 5 ಕಿಲೋ)
• 50 × 10 ಮಿ.ಮೀ. ಪಟ್ಟಿ – 65 ಸೆಂ.ಮೀ.ನ ಎರಡು (ಒಟ್ಟು ಸುಮಾರು 5 ಕಿಲೋ)
• 8 ಮಿ.ಮೀ. ಕಂಬಿ – ಸುಮಾರು 6 ಮೀಟರು
• ಸಿಮೆಂಟು – ಮುಕ್ಕಾಲು ಚೀಲ
• ಹೊಯಿಗೆ – 52 ಲೀಟರು, ಜಲ್ಲಿ – 104 ಲೀಟರು
• ಲಿಂಚ್ ಪಿನ್ನು ಎರಡು, ಟಾಪ್ ಲಿಂಕಿನ ಪಿನ್ನು ಒಂದು

ಬಳಸುವಾಗ ಮರೆಯಬಾರದ್ದು

ಟಾಪ್ ಲಿಂಕು ಹಾಕದೆ ಕೆಳಗಿನ ಎರಡು ಕೈಯಲ್ಲಷ್ಟೇ ಎತ್ತಬೇಡಿ. ಡ್ರಮ್ಮು ಸರಳಿನ ಮೇಲೆ ತಿರುಗಿ ಟ್ರಾಕ್ಟರಿಗೋ ನಿಮ್ಮ ಕಾಲಿಗೋ ಬಡಿದೀತು. ಓಡಿಸುವಾಗ ನೆಲದಿಂದ ಒಂದಡಿಗಿಂತ ಮೇಲೆ ಎತ್ತಬೇಡಿ. ಮುಂದೆ ಬಕೆಟ್ಟಿಗೂ ಇದೇ ನಿಯಮ. ಕೆಲಸ ಮುಗಿದಾಗ ನೆಲಕ್ಕೆ ಇಳಿಸಿಯೇ ಇಂಜಿನ್ ಆರಿಸಿ. ಎತ್ತಿಟ್ಟ ಡ್ರಮ್ಮಿನ ಅಡಿಗೆ ಮಕ್ಕಳು ಹೋಗದಂತೆ ನೋಡಿಕೊಳ್ಳಿ. ಅದು ಕೂತು ಹೋಗುವ ಆಸನವೂ ಅಲ್ಲ.

ಏರಿಳಿತದ ದಾರಿಯಲ್ಲಿ ಒಂದೇ ಸೂತ್ರ: ಭಾರದ ಕಡೆ ಯಾವಾಗಲೂ ಏರಿನ ದಿಕ್ಕಿಗೆ. ಬಕೆಟ್ ತುಂಬಿದ್ದರೆ ಮುಖ ಮಾಡಿ ಹತ್ತಿ, ಇಳಿಯುವಾಗ ರಿವರ್ಸಿನಲ್ಲಿ ಇಳಿಯಿರಿ. ಬಕೆಟ್ ಖಾಲಿಯಿದ್ದು ಹಿಂದೆ ಡ್ರಮ್ಮಿದ್ದರೆ ಭಾರ ಹಿಂದಾಯಿತು. ಆಗ ಕಡಿದಾದ ಏರನ್ನು ಮುಖ ಮಾಡಿ ಹತ್ತಿದರೆ ಮೂತಿ ಎತ್ತೀತು.

ಬಹಳ ಜನ ಕಡೆಗಣಿಸುವುದು ಇದನ್ನು: ಲೋಡರ್ ಬಿಚ್ಚಿದ ದಿನ ಡ್ರಮ್ಮನ್ನೂ ಬಿಚ್ಚಬೇಕು. 900 ಕಿಲೋದ ಟ್ರಾಕ್ಟರಿನಲ್ಲಿ ಮುಂದಿನ ಚಕ್ರದ ಮೇಲೆ 360 ಕಿಲೋ ಇದೆಯೆನ್ನಿ. ಲೋಡರ್ ಇಲ್ಲದೆ ಡ್ರಮ್ಮು ತೂಗಿಸಿದರೆ ಅದರಲ್ಲಿ 140 ಹಿಂದಕ್ಕೆ ಹೋಗಿ ಉಳಿಯುವುದು 220. ಒಟ್ಟು ತೂಕ ಆಗ 1,200. ಅದರಲ್ಲಿ 220 ಎಂದರೆ ಶೇಕಡಾ 18. ಸಮತಟ್ಟಿನಲ್ಲೇ ಮೇಲೆ ಹೇಳಿದ 20ರ ಮಟ್ಟದಿಂದ ಕೆಳಗಿಳಿಯಿತು. ಇನ್ನು ಏರಿನಲ್ಲಿ ಹೇಗೆ? ಮುಂದಿನ ಚಕ್ರ ಗಾಳಿಯಲ್ಲಿ ತೇಲುವ ಟ್ರಾಕ್ಟರು ಹಿಂದಕ್ಕೆ ಮಗುಚಲು ಒಂದು ಕ್ಷಣ ಸಾಕು, ಹಾರಿ ತಪ್ಪಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ.

ಡ್ರಮ್ಮು ಇದೆಯೆಂದು ಬಕೆಟ್ಟಿಗೆ ಹೆಚ್ಚು ತುಂಬುವುದೂ ಸರಿಯಲ್ಲ. ಲೋಡರಿಗೆ ಕಂಪೆನಿ ಹೇಳಿದ ಮಿತಿ ಹಾಗೆಯೇ ಉಳಿಯುತ್ತದೆ. ಬರೆಯ ಅಂಚಿನಲ್ಲಿ, ಅಡ್ಡ ಇಳಿಜಾರಿನಲ್ಲಿ ಬಕೆಟ್ ಮೇಲೆತ್ತಿ ತಿರುಗಿಸಿದರೆ ಪಕ್ಕಕ್ಕೆ ಮಗುಚುವುದನ್ನು ಈ ಡ್ರಮ್ಮು ತಡೆಯಲಾರದು. ರೋಲ್ ಬಾರ್ ಇರುವ ಟ್ರಾಕ್ಟರಾದರೆ ಅದನ್ನು ನಿಲ್ಲಿಸಿ, ಬೆಲ್ಟು ಕಟ್ಟಿಕೊಂಡೇ ಕೆಲಸ ಮಾಡಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸರಳು ಹೊರಬರುವ ಜಾಗವನ್ನು ಉಜ್ಜಿ ನೋಡಿ. ಬಿರುಕು, ಅಲ್ಲಾಟ ಕಂಡರೆ ಅದನ್ನು ತೂಗಿಸುವುದು ನಿಲ್ಲಿಸಿ. ಇಲ್ಲವಾದರೆ ಒಂದು ಕೋಟು ಬಣ್ಣ, ಪಿನ್ನಿಗೆ ತುಸು ಗ್ರೀಸು, ಅಲ್ಲಿಗೆ ಅದರ ಚಾಕರಿ ಮುಗಿಯಿತು. ಬೇರೆ ಬಗೆಯಲ್ಲಿ ಇಂಥ ಭಾರ ಮಾಡಿಕೊಂಡವರು, ಕಿರಿದಾದ ಕೈಗಳ ಟ್ರಾಕ್ಟರಿಗೆ ಹೊಂದಿಸಿದವರು ಇದ್ದರೆ ಅಳತೆ ಸಮೇತ ಬರೆಯಿರಿ. ಉಳಿದವರಿಗೂ ದಾರಿಯಾಗುತ್ತದೆ.